ವಿದೇಶಕ್ಕೆ ಹೋದವರು ಸ್ಪೆಷಲಿಸ್ಟ್ ಡಾಕ್ಟರನ್ನು ನೇರವಾಗಿ ನೋಡಲು ಯಾಕೆ ಆಗುವುದಿಲ್ಲ?

ಬ್ರಿಟನ್, ನೆದರ್‌ಲ್ಯಾಂಡ್ಸ್‌ನಂಥ ದೇಶಗಳಲ್ಲಿ ತುರ್ತು ಸ್ಥಿತಿ ಬಿಟ್ಟರೆ, ಸಾಮಾನ್ಯವಾಗಿ ಮನೆ ಹತ್ತಿರದ ಫ್ಯಾಮಿಲಿ ಡಾಕ್ಟರ್ ರೆಫರಲ್ ಪತ್ರ ಕೊಟ್ಟ ಮೇಲೆಯೇ ಸ್ಪೆಷಲಿಸ್ಟ್ ಸಿಗುವುದು. ತಜ್ಞರು ಕಡಿಮೆ, ಕಾಯುವವರು ಜಾಸ್ತಿ. ಯಾರನ್ನು ಬೇಗ ನೋಡಬೇಕು ಅನ್ನುವುದನ್ನು ಹೆಚ್ಚಾಗಿ ಆ ಪತ್ರ ನೋಡಿಯೇ ತೀರ್ಮಾನಿಸುತ್ತಾರೆ.

ಹಾಗಾಗಿ ಪತ್ರದಲ್ಲಿ ಏನು ಬರೆಯುತ್ತಾರೆ ಅನ್ನುವುದು ಮುಖ್ಯ, ಅಲ್ವಾ? ಸುಮ್ನೆ "ಮಂಡಿ ನೋವು" ಅನ್ನಬೇಡಿ. ಎಷ್ಟು ತಿಂಗಳಿಂದ ಇದೆ, ರಾತ್ರಿ ನಿದ್ದೆ ಕೆಡುತ್ತದೆಯೇ, ಮೆಟ್ಟಿಲು ಹತ್ತಲು ಆಗುತ್ತದೆಯೇ, ಎಲ್ಲ ಹೇಳಿ. ಹಳೇ ರಿಪೋರ್ಟ್ ಒಯ್ಯಿರಿ. ಮಾತ್ರೆಯ ಬ್ರ್ಯಾಂಡ್ ಹೆಸರು ಸಾಲದು, ಒಳಗಿರುವ ಔಷಧದ ಹೆಸರೂ ಬೇಕು. ಬ್ರ್ಯಾಂಡ್ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಫ್ಯಾಮಿಲಿ ಡಾಕ್ಟರ್ ಹತ್ತಿರ ಹೆಸರು ನೋಂದಾಯಿಸುವುದನ್ನು ಮಾತ್ರ ಕಾಯಿಲೆ ಬರುವ ತನಕ ಮುಂದೂಡಬೇಡಿ, ಅಲ್ಲಿಗೆ ಹೋದ ಮೊದಲ ವಾರದಲ್ಲೇ ಮುಗಿಸಿ.