ತೂಕ ಏರಿಲ್ಲ, ಹೊಟ್ಟೆ ಮಾತ್ರ ಬಂದಿದೆ: ಸಕ್ಕರೆ ಕಾಯಿಲೆಯ ಬಗ್ಗೆ ಯೋಚಿಸಬೇಕೇ?

ಎಂಟು ವರ್ಷಗಳಿಂದ ತೂಕ 66 ಕಿಲೋ ದಾಟಿಲ್ಲ, ಪ್ಯಾಂಟಿನ ಸೊಂಟವೂ 34 ಇಂಚೇ ಇದೆ, ಆದರೆ ಅಂಗಿ ಹೊಟ್ಟೆಯ ಬಳಿ ಬಿಗಿಯುತ್ತಿದೆ ಎಂದು ಬರೆದಿದ್ದೀರಿ. ವಯಸ್ಸು 41, ಎತ್ತರ ಐದೂವರೆ ಅಡಿ, ಕುಳಿತು ಮಾಡುವ ಕೆಲಸ, ವ್ಯಾಯಾಮವಿಲ್ಲ, ತಂದೆಯವರಿಗೆ ಮಧುಮೇಹ. ನಾನು ವೈದ್ಯನಲ್ಲ, ಕಲಬುರಗಿಯಲ್ಲಿ ಇಪ್ಪತ್ತು ವರ್ಷಗಳಿಂದ ಬಟ್ಟೆ ಹೊಲಿಯುತ್ತಿದ್ದೇನೆ, ನಿಮ್ಮಂತೆಯೇ ತೂಕವನ್ನು ನಂಬಿಕೊಂಡಿದ್ದವನು.

ಪ್ಯಾಂಟಿನ ಅಳತೆಯನ್ನು ದಯವಿಟ್ಟು ಲೆಕ್ಕಕ್ಕೆ ಹಿಡಿಯಬೇಡಿ. ಹೊಟ್ಟೆ ಬಂದ ಗಂಡಸರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಇಳಿಸಿ ಕಟ್ಟುತ್ತಾರೆ. ಹಾಗಾಗಿ ನನ್ನ ಅಳತೆ ಪುಸ್ತಕದಲ್ಲಿ ಎಷ್ಟೋ ಗಿರಾಕಿಗಳ ಸೊಂಟ ಹತ್ತು ವರ್ಷದಿಂದ ಅಷ್ಟೇ ಉಳಿದಿದೆ, ಅಂಗಿಯ ಹೊಟ್ಟೆಯ ಅಳತೆ ಮಾತ್ರ ನಾಲ್ಕೈದು ಇಂಚು ಬೆಳೆದಿದೆ. ಬರಿಮೈಯಲ್ಲಿ ನೆಟ್ಟಗೆ ನಿಂತು, ಕೊನೆಯ ಪಕ್ಕೆಲುಬು ಮತ್ತು ಸೊಂಟದ ಎಲುಬಿನ ಮೇಲಂಚು ಇವೆರಡರ ನಡುಮಧ್ಯಕ್ಕೆ ಟೇಪು ಸುತ್ತಿ, ಸಹಜವಾಗಿ ಉಸಿರು ಬಿಟ್ಟ ಮೇಲೆ ಅಳೆಯಿರಿ. ಹೊಟ್ಟೆಯನ್ನು ಒಳಗೆಳೆದುಕೊಳ್ಳಬಾರದು. ಭಾರತೀಯ ಗಂಡಸರಿಗೆ ಮಿತಿ 90 ಸೆಂಟಿಮೀಟರ್, ಅಂದರೆ ಸುಮಾರು ಮೂವತ್ತೈದೂವರೆ ಇಂಚು, ಹೆಂಗಸರಿಗೆ 80.

ತೂಕ ಬದಲಾಗದೆ ಹೊಟ್ಟೆ ಬೆಳೆಯುವುದು ಹೇಗೆಂದರೆ, ವಯಸ್ಸಿನೊಂದಿಗೆ, ದುಡಿಮೆಯಿಲ್ಲದ ಮೈಯಲ್ಲಿ ಸ್ನಾಯು ಕರಗುತ್ತದೆ, ಅದರ ಜಾಗದ ತೂಕವನ್ನು ಕೊಬ್ಬು ತುಂಬುತ್ತದೆ. ಕರುಳಿನ ಸುತ್ತ ಕೂಡುವ ಕೊಬ್ಬಿನಿಂದ ಹೊರಡುವ ಕೊಬ್ಬಿನಾಮ್ಲಗಳು ನೇರವಾಗಿ ಯಕೃತ್ತಿಗೆ ಹೋಗುವುದರಿಂದ, ಯಕೃತ್ತು ಇನ್ಸುಲಿನ್ನಿನ ಮಾತು ಕೇಳದೆ ರಕ್ತಕ್ಕೆ ಸಕ್ಕರೆಯನ್ನು ಬಿಡುತ್ತಲೇ ಇರುತ್ತದೆ. ಭಾರತೀಯರಲ್ಲಿ ಈ ಕೊಬ್ಬು ಕಡಿಮೆ ತೂಕದಲ್ಲೇ ಸೇರುವುದರಿಂದ ನಮಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ನೋಡುವ ಅಂಕಿ) 23ರಿಂದಲೇ ಎಚ್ಚರ ಬೇಕೆನ್ನುತ್ತಾರೆ. ನಿಮ್ಮದು ಸುಮಾರು 23.5.

ಚೆನ್ನೈನ ಮಧುಮೇಹ ತಜ್ಞ ಡಾ. ವಿ. ಮೋಹನ್ ಮತ್ತು ಸಂಗಡಿಗರು ರೂಪಿಸಿದ ಭಾರತೀಯ ಮಧುಮೇಹ ಅಪಾಯಾಂಕದಲ್ಲಿ ನಿಮ್ಮ ವಯಸ್ಸಿಗೆ 20 ಅಂಕ, ತಂದೆಯವರ ಕಾಯಿಲೆಗೆ 10, ವ್ಯಾಯಾಮವಿಲ್ಲದ ಕುಳಿತ ಕೆಲಸಕ್ಕೆ 30. ಟೇಪು 90 ಮುಟ್ಟಿದರೆ ಇನ್ನೂ 10. ಮೊದಲ ಮೂರೇ ಕೂಡಿ ಅರವತ್ತಾಯಿತು, ಅರವತ್ತಕ್ಕೇ ಅಪಾಯ ಹೆಚ್ಚೆಂದು ಲೆಕ್ಕ, ಆದ್ದರಿಂದ ಟೇಪು ಏನೇ ಹೇಳಿದರೂ ನೀವು ಪರೀಕ್ಷೆ ಮಾಡಿಸಲೇಬೇಕು. ಖಾಲಿ ಹೊಟ್ಟೆಯಲ್ಲಿ ಸಕ್ಕರೆ 100ರಿಂದ 125ರೊಳಗಿದ್ದರೆ ಮಧುಮೇಹದ ಹೊಸ್ತಿಲು. 126 ಅಥವಾ ಮೇಲಿದ್ದು, ಮತ್ತೊಮ್ಮೆ ನೋಡಿದಾಗಲೂ ಹಾಗೇ ಬಂದರೆ ಮಧುಮೇಹ.

ನನಗೆ 112 ಬಂದಿತ್ತು. ದಿನವಿಡೀ ಮಷಿನ್ ಮುಂದೆ ಕೂರುವವನು, ಬಿಸಿಲೇರುವ ಮೊದಲು ನಮ್ಮೂರಿನ ‘ಅಪ್ಪನ ಕೆರೆ’ಯ ಬಳಿ ನಡೆಯತೊಡಗಿದೆ. ಸಂಜೆಯ ಭಜಿ ಮತ್ತು ಸಕ್ಕರೆ ಚಹಾ ಬಿಟ್ಟೆ. ಜೋಳದ ರೊಟ್ಟಿ ಎಷ್ಟು ತಿಂದರೂ ನಡೆಯುತ್ತದೆ ಎಂಬ ನಮ್ಮ ಕಡೆಯ ನಂಬಿಕೆ ತಪ್ಪು, ಅದೂ ಹಿಟ್ಟೇ. ನಾಲ್ಕರ ಬದಲು ಎರಡು ರೊಟ್ಟಿ, ಜೊತೆಗೆ ಪುಂಡಿ ಪಲ್ಯ, ಕಾಳು ಹೆಚ್ಚು ಮಾಡಿಕೊಂಡೆ. ವರ್ಷದಲ್ಲಿ ತೂಕ ಇಳಿದದ್ದು ಮೂರೇ ಕಿಲೋ, ಹೊಟ್ಟೆ ಎರಡು ಇಂಚು, ಸಕ್ಕರೆ 98ಕ್ಕೆ ಬಂತು.

ನಿಮಗೆ ಅಣ್ಣತಮ್ಮಂದಿರು, ಅಕ್ಕತಂಗಿಯರು ಇದ್ದರೆ ಅದೇ ಟೇಪಿನಿಂದ ಅವರನ್ನೂ ಅಳೆಯಿರಿ. ತಂದೆಯವರ ಕಾಯಿಲೆಯ ಆ 10 ಅಂಕ ಅವರ ಲೆಕ್ಕದಲ್ಲೂ ಇದೆ.