ಬಾಲಮಂದಿರದಲ್ಲಿ ಬೆಳೆದವಳು ನಾನು. ಮಕ್ಕಳ ಪರ ಕೆಲಸಕ್ಕೆ ಕರೆದಿದ್ದಾರೆ. ಎಲ್ಲರೆದುರು ನನ್ನ ಕಥೆ ಹೇಳುವ ಧೈರ್ಯ ತಂದುಕೊಳ್ಳುವುದು ಹೇಗೆ?

ಧೈರ್ಯ ತಂದುಕೊಳ್ಳಲೇಬೇಡಿ. ಕಥೆ ಹೇಳುವುದು ಆ ಕೆಲಸವೇ ಅಲ್ಲ.

ನಾನೂ ಬಾಲಮಂದಿರದ ಹುಡುಗ. ಅಪ್ಪ ಬೋಟಿಗೆ ಹೋಗುತ್ತಿದ್ದರು. ಅಮ್ಮ ತೀರಿಕೊಂಡ ಮೇಲೆ ಕುಡಿತ ಜಾಸ್ತಿಯಾಯಿತು. ನೆರೆಮನೆಯವರು ಯಾರೋ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರು. ನನ್ನನ್ನೂ ತಂಗಿಯನ್ನೂ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ನಿಲ್ಲಿಸಿದರು. ಇಂಥ ಮಕ್ಕಳು ಎಲ್ಲಿರಬೇಕು ಅಂತ ತೀರ್ಮಾನಿಸುವವರು ಅವರೇ. ಹುಡುಗರಿಗೊಂದು ಕಡೆ, ಹುಡುಗಿಯರಿಗೊಂದು ಕಡೆ ಅಲ್ವಾ? ಅವಳು ಅಲ್ಲಿ, ನಾನು ಇಲ್ಲಿ. 18 ತುಂಬಿದ ಮೇಲೆ ಹೊರಗೆ ಬಂದು ಹೋಟೆಲು, ಮೊಬೈಲ್ ಅಂಗಡಿ ಅಂತ ಸುತ್ತಿದೆ. ಆಮೇಲೆ ಮಂಗಳೂರಿನ ಒಂದು ಸಂಸ್ಥೆಯವರು ಕರೆದರು. "ನಮಗೆ ನಿಮ್ಮ ಅನುಭವವೇ ಬೇಕು" ಅಂದರು. ಅಷ್ಟು ವರ್ಷ ಮುಚ್ಚಿಟ್ಟುಕೊಂಡದ್ದಕ್ಕೆ ಯಾರೋ ಸಂಬಳ ಕೊಡುತ್ತಾರೆ ಅಂದರೆ ಹೇಗಾಗಬೇಡ! ಉಬ್ಬಿಹೋದೆ.

ಸೇರಿದ ಹೊಸತರಲ್ಲೇ ಒಂದು ತರಬೇತಿ ಇತ್ತು. ಪೊಲೀಸರು, ಅಂಗನವಾಡಿ ಕಾರ್ಯಕರ್ತೆಯರು, ವಾರ್ಡನ್‌ಗಳು ಎಲ್ಲ ಬಂದಿದ್ದರು. ಬೆಳಿಗ್ಗೆ ನಾನೇ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಬಗ್ಗೆ ಹೇಳಿದ್ದೆ. ಮಗುವಿನ ಹೆಸರು, ವಿಳಾಸ, ಶಾಲೆ, ಫೋಟೊ, ಗುರುತು ಸಿಗುವಂಥ ಯಾವುದನ್ನೂ ಪತ್ರಿಕೆ, ಟಿವಿ, ವಾಟ್ಸಾಪ್ ಎಲ್ಲೂ ಹಾಕುವಂತಿಲ್ಲ. ಹಾಕಿದರೆ 6 ತಿಂಗಳವರೆಗೆ ಜೈಲು, ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಎಲ್ಲರೂ ಬರೆದುಕೊಂಡರು. ಮಧ್ಯಾಹ್ನ ಊಟ ಆದ ಮೇಲೆ ಜನ ತೂಕಡಿಸತೊಡಗಿದಾಗ ನಮ್ಮ ಮೇಡಂ, "ಈಗ ಸ್ವಲ್ಪ ನಿನ್ನ ಕಥೆ ಹೇಳು ಮಾರಾಯ" ಅಂದರು.

ಹೇಳಿದೆ. ಹೆಸರು ಯಾರದ್ದೂ ಹೇಳಲಿಲ್ಲ, ಅಷ್ಟು ಬುದ್ಧಿ ಇತ್ತು. ಆದರೆ ಮಲ್ಪೆ ಅಂದೆ. ಅಪ್ಪ ಬೋಟು ನಿಲ್ಲುವ ದಕ್ಕೆಯಲ್ಲಿ ಕುಡಿದು ಬಿದ್ದಿರುತ್ತಿದ್ದರು ಅಂದೆ. ತಂಗಿ ನರ್ಸಿಂಗ್ ಮಾಡಿದಳು, ಈಗ ಮದುವೆಯಾಗಿ ಬ್ರಹ್ಮಾವರದ ಕಡೆ ಚೆನ್ನಾಗಿದ್ದಾಳೆ ಅಂದೆ. ಈ ಕೊನೆಯ ಮಾತನ್ನಂತೂ ಹೆಮ್ಮೆಯಿಂದ ಹೇಳಿದೆ. ಚಪ್ಪಾಳೆ ಬಿತ್ತು. ಒಬ್ಬರು ಕಣ್ಣು ಒರೆಸಿಕೊಂಡರು. ಇನ್ನೊಬ್ಬರು ವಿಡಿಯೊ ಮಾಡಿಕೊಂಡು ಸಂಜೆ ಸ್ಟೇಟಸ್ಸಿಗೆ ಹಾಕಿದರು.

(ಇಲ್ಲಿ ಊರು, ಕೆಲಸ, ಕೋರ್ಸು ಎಲ್ಲ ಬದಲಿಸಿ ಬರೆದಿದ್ದೇನೆ. ಹುಡುಕಲು ಹೋಗಬೇಡಿ.)

ನಮ್ಮ ಕಡೆಯವರು ನಿಮಗೆ ಗೊತ್ತಲ್ಲ. ಹೊಸಬರು ಸಿಕ್ಕರೆ ಮೊದಲ ಪ್ರಶ್ನೆಯೇ ಯಾವ ಊರು, ಯಾವ ಮನೆ, ಯಾರ ಮಗ. ಅಪ್ಪ ಅಮ್ಮ ಇಲ್ಲದ, ಒಬ್ಬನೇ ಅಣ್ಣನಿರುವ, ಆ ಊರಿನಿಂದ ಈ ಊರಿಗೆ ಬಂದ ನರ್ಸ್ ಸೊಸೆ ಅಂದ ಮೇಲೆ ಇನ್ನು ಹೆಸರು ಯಾಕೆ? ಮದುವೆಯ ಹೊತ್ತಿನಲ್ಲಿ ಅವಳು ಅತ್ತೆ ಮನೆಯವರಿಗೆ ಸೋದರಮಾವನ ಮನೆಯಲ್ಲಿ ಬೆಳೆದೆವು ಅಂತ ಹೇಳಿದ್ದಳು. ಅದು ನನಗೂ ಗೊತ್ತಿತ್ತು. ಮೈಕ್ ಕೈಗೆ ಬಂದಾಗ ಮರೆತೇಹೋಯಿತು.

ಅವಳು ಫೋನಿನಲ್ಲಿ ಜಗಳ ಕೂಡ ಆಡಲಿಲ್ಲ. "ಅಣ್ಣ, ನಿನ್ನದು ನೀನು ಹೇಳಿಕೋ. ನನ್ನದನ್ನು ಯಾಕೆ ಹೇಳಿದೆ?" ಅಂದಳು, ಅಷ್ಟೆ. ಈಗ ಚೌತಿಗೆ, ದೀಪಾವಳಿಗೆ ಒಂದು ಮೆಸೇಜ್ ಬರುತ್ತದೆ.

ವಿಡಿಯೊ ಮಾಡಿದವರದ್ದೇ ತಪ್ಪು ಅಂತ ತುಂಬಾ ದಿನ ನನ್ನೊಳಗೇ ವಾದ ಮಾಡಿದೆ. ಆಮೇಲೆ, ಕಥೆ ಹೇಳು ಅಂದ ಮೇಡಂದು ಅಂದುಕೊಂಡೆ. ಮೊದಲೇ ತಂಗಿಯನ್ನು ಕೇಳಿದ್ದರೆ ಸರಿಹೋಗುತ್ತಿತ್ತು ಅಂತಲೂ ಅನ್ನಿಸಿತ್ತು. ಕೇಳಿದ್ದರೆ ಅಣ್ಣ ಕೇಳ್ತಿದ್ದಾನಲ್ಲ ಅಂತ ಅವಳು ಹೂಂ ಅಂದುಬಿಡುತ್ತಿದ್ದಳೋ ಏನೋ, ಅದೂ ಸರಿಯಲ್ಲ. ಅಪ್ಪ ಕುಡಿದದ್ದು ನನ್ನ ಕಥೆ ಅಂದುಕೊಂಡಿದ್ದೆ. ಅವನು ಅವಳಿಗೂ ಅಪ್ಪ. ನಮ್ಮಂಥವರ ಬಾಲ್ಯದಲ್ಲಿ ಒಬ್ಬರಿಗೇ ಸೇರಿದ್ದು ಅಂತ ಬಹಳ ಸ್ವಲ್ಪ ಇರುತ್ತದೆ. ನಿಮ್ಮ ಪ್ರಶ್ನೆಯ ಕೆಳಗೆ ನೀವೂ ನಿಮ್ಮ ತಮ್ಮನು ಕೆಲಸ ಮಾಡುವ ಅಂಗಡಿಯ ಹೆಸರು ಬರೆದಿದ್ದೀರಿ. ದಯವಿಟ್ಟು ಈಗಲೇ ಎಡಿಟ್ ಮಾಡಿ ತೆಗೆಯಿರಿ.

ಹಾಗಾದರೆ ನಮ್ಮ ಅನುಭವಕ್ಕೆ ಬೆಲೆ ಇಲ್ವಾ ಅಂತ ಕೇಳಬಹುದು. ಇದೆ. ಆದರೆ ಅದು ಬಾಯಿ ಬಿಡದೆಯೂ ಕೆಲಸಕ್ಕೆ ಬರುತ್ತದೆ. ಒಂದು ಬಾಲಮಂದಿರಕ್ಕೆ, ಅಲ್ಲಿನ ಮಕ್ಕಳ ಸಮಿತಿಯ ಸಭೆಗೆ ಹೋಗಿದ್ದೆ. ಬಾಲನ್ಯಾಯ ಕಾಯ್ದೆಯ 2016ರ ಮಾದರಿ ನಿಯಮಗಳ ಪ್ರಕಾರ ಇಂಥ ಎಲ್ಲ ಮನೆಗಳಲ್ಲೂ ಮಕ್ಕಳದ್ದೇ ಸಮಿತಿ ಇರಬೇಕು, ಸಲಹಾ ಪೆಟ್ಟಿಗೆಯೂ ಇರಬೇಕು. ಪೆಟ್ಟಿಗೆ ಇತ್ತು, ಒಳ್ಳೆ ಬಣ್ಣ ಬಳಿದಿದ್ದರು. ತೆರೆದಾಗಲೆಲ್ಲ ಖಾಲಿ. "ನಮ್ಮಲ್ಲಿ ದೂರೇ ಇಲ್ಲ ನೋಡಿ" ಅಂತ ಅಲ್ಲಿಯವರಿಗೆ ಖುಷಿ. ಅವರೇನು ಕೆಟ್ಟವರಲ್ಲ, ನಿಜವಾಗಿ ಹಾಗೇ ನಂಬಿದ್ದರು. ಪೆಟ್ಟಿಗೆ ನೇತುಹಾಕಿದ್ದು ಎಲ್ಲಿ? ಆಫೀಸಿನ ಬಾಗಿಲಿನ ಎದುರಿಗೇ. ಚೀಟಿ ಹಾಕಲು ಹೋದವನು ಯಾರು ಅಂತ ಕುರ್ಚಿಯಲ್ಲಿ ಕೂತೇ ನೋಡಬಹುದು. ಅಲ್ಲಿ ಬೆಳೆದವನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಬಚ್ಚಲಿಗೆ ಹೋಗುವ ದಾರಿಯಲ್ಲಿ ಇಡಿಸಿದೆವು. ಮುಂದಿನ ಸಲ ಚೀಟಿಗಳಿದ್ದವು. ಒಂದರಲ್ಲಿ 'ಸಾರಿಗೆ ಉಪ್ಪು ಕಮ್ಮಿ' ಅಂತಿತ್ತು. ಇನ್ನೊಂದರಲ್ಲಿ 'ಅಕ್ಕನನ್ನು ಯಾವಾಗ ತೋರಿಸುತ್ತೀರಿ'.

ಆ ಎರಡನೆಯ ಚೀಟಿ ಹಿಡಿದು ತಿಂಗಳುಗಟ್ಟಲೆ ಓಡಾಡಿದೆ. ಅಣ್ಣ ತಂಗಿಯರನ್ನು ಬೇರೆ ಬೇರೆ ಮನೆಗೆ ಕಳಿಸಿದರೆ ಭೇಟಿಯ ದಿನವನ್ನು ಮಗುವಿನ ಆರೈಕೆ ಯೋಜನೆಯಲ್ಲೇ ಬರೆಯಿಸಿ ಅಂತ ಈಗ ಪ್ರತಿ ಕೇಸಿನಲ್ಲೂ ಕೇಳುತ್ತೇನೆ. ನನಗೆ ಇದು ಹೇಗೆ ಹೊಳೆಯಿತು ಅಂತ ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ.

ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮಾಡಲಾ, ಕೆಲಸಕ್ಕೆ ಸೇರಲಾ ಅಂತಲೂ ಕೇಳಿದ್ದೀರಿ. ಎರಡನ್ನೂ ತೂಗಿ ನೋಡುವಷ್ಟು ತಾಳ್ಮೆ ನನಗಿಲ್ಲ, ಓದಿ. ಮಂಗಳೂರಿನಲ್ಲೇ ಅದನ್ನು ಕಲಿಸುವ ರೋಷನಿ ನಿಲಯ ಕಾಲೇಜು ಇದೆ. ಮುಂದೆ ಕಲ್ಯಾಣ ಸಮಿತಿಯಲ್ಲಿ ಕೂರುವ ಆಸೆ ಇದ್ದರೆ, ಬಾಲನ್ಯಾಯ ಕಾಯ್ದೆಯ 2021ರ ತಿದ್ದುಪಡಿಯ ನಂತರ ಡಿಗ್ರಿ ಇಲ್ಲದೆ ಆಗುವುದಿಲ್ಲ. ಬಾಲಮಂದಿರದಲ್ಲಿ ಬೆಳೆದದ್ದನ್ನು ಅಲ್ಲಿ ಅರ್ಹತೆ ಅಂತ ಯಾರೂ ಲೆಕ್ಕ ಹಿಡಿಯುವುದಿಲ್ಲ.

ಓದುತ್ತಾ ಅರ್ಧ ದಿನ ಕೆಲಸ ಮಾಡಿದರೂ ಸರಿ, ನೇಮಕಾತಿ ಪತ್ರ ಕೇಳಿ. ಅದರಲ್ಲಿ ಸಂಬಳ ಬರೆದಿರಬೇಕು. ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ ಕೊಟ್ಟು ಕಳಿಸುವವರು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟು ಇದ್ದಾರೆ. ವೇದಿಕೆ ಮೇಲೆ ವೈಯಕ್ತಿಕ ವಿಷಯ ಹೇಳುವುದು ನನ್ನ ಕೆಲಸವಲ್ಲ ಅಂತ ಒಂದು ಸಾಲು ಅದೇ ಪತ್ರದಲ್ಲಿ ಹಾಕಿಸಿ. ಮುಖ ಸಣ್ಣ ಮಾಡಿಕೊಂಡರೆ ಅವರಿಗೆ ಬೇಕಾದದ್ದು ನೀವಲ್ಲ, ನಿಮ್ಮ ಕಣ್ಣೀರು. ಎದ್ದು ಬನ್ನಿ.

ಇನ್ನೊಂದು. ನಿಮಗೆ 20 ಅಂತ ಬರೆದಿದ್ದೀರಿ. ಹೊರಬಂದ ಮಕ್ಕಳಿಗೆ 21 ತುಂಬುವವರೆಗೆ, ವಿಶೇಷ ಸಂದರ್ಭದಲ್ಲಿ 23ರವರೆಗೆ, ಅನುಪಾಲನೆಯ ನೆರವು, ಅಂದರೆ ಸ್ವಂತ ಕಾಲ ಮೇಲೆ ನಿಲ್ಲಲು ಸರ್ಕಾರ ಕೊಡುವ ಸಹಾಯ, ಇದೆ. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ 2022ರ ಮಾರ್ಗಸೂಚಿಯಲ್ಲಿ ತಿಂಗಳಿಗೆ 4,000 ರೂಪಾಯಿ ಅಂತಿದೆ. ನನಗೆ ಆಗ ಯಾರೂ ಹೇಳಲಿಲ್ಲ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ಅರ್ಜಿ ಕೊಡಿ. ಸುಮ್ನೆ ಬಾಯಿಮಾತಿನಲ್ಲಿ ಕೇಳಿ ಬರಬೇಡಿ, ಲಿಖಿತವಾಗಿ ಕೊಟ್ಟು ಸೀಲು ಹಾಕಿದ ಪ್ರತಿ ತೆಗೆದುಕೊಳ್ಳಿ.