ಸದ್ದಿಲ್ಲದ ಕಂಪ್ಯೂಟರ್ ಬೇಕಿದ್ದರೆ ಮೂತಿ ಮುಚ್ಚಿದ ಕೇಸ್ ಕೊಳ್ಳಬೇಡಿ

ಕಾಫಿ ಮಾರಿದ ದುಡ್ಡು ಕೈಗೆ ಬಂದ ಮೇಲೆ ನಮ್ಮ ಕೊಡಗಿನ ಕಡೆ ಮಕ್ಕಳಿಗೆ ಕಂಪ್ಯೂಟರ್ ಜೋಡಿಸುವ ಮಾತು ಶುರುವಾಗುತ್ತದೆ. ಅದರ ಬೆನ್ನಿಗೇ ನನಗೆ ಪ್ರಶ್ನೆಗಳು ಬರುತ್ತವೆ. ಈ ಸಲ ಬಂದವುಗಳಲ್ಲಿ ಅರ್ಧಕ್ಕೂ ಹೆಚ್ಚು ಒಂದೇ ಪ್ರಶ್ನೆ: ಸದ್ದೇ ಬಾರದ ಕೇಸ್ ಯಾವುದು? ಹೇಳಿ ಹೇಳಿ ನಾಲಿಗೆ ಸವೆದಿದೆ. ಆದರೂ ಜನ ಅದೇ ಮುಚ್ಚಿದ ಡಬ್ಬ ಕೊಂಡು ತಂದು ನನ್ನ ಮೇಜಿನ ಮೇಲಿಡುತ್ತಾರೆ. ಹಾಗಾಗಿ ಇವತ್ತು ಅದಕ್ಕೇ ಹೆಚ್ಚು ಜಾಗ. ಮದರ್‌ಬೋರ್ಡ್ (ಎಲ್ಲ ಭಾಗಗಳನ್ನು ಜೋಡಿಸುವ ಮುಖ್ಯ ಹಲಗೆ) ಯಾವ ಅಳತೆಯದು, ಯಾವ ಸ್ಕ್ರೂ ಎಲ್ಲಿಗೆ ಎನ್ನುವುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಡಬ್ಬದ ಜೊತೆ ಪುಸ್ತಕ ಕೊಟ್ಟಿರುತ್ತಾರೆ, ಓದಿಕೊಳ್ಳಿ.

ಪ್ರಶ್ನೆ (ನಾಪೋಕ್ಲುವಿನಿಂದ): ಮಗನಿಗೆ ಗೇಮ್ ಆಡಲು, ವಿಡಿಯೊ ಎಡಿಟ್ ಮಾಡಲು ಕಂಪ್ಯೂಟರ್ ಜೋಡಿಸಿಕೊಟ್ಟೆ. ಅಂಗಡಿಯವರು ‘ಸೈಲೆಂಟ್ ಕೇಸ್’ ಎಂದು ಒಳಗೆಲ್ಲ ಸ್ಪಂಜು ಅಂಟಿಸಿದ, ಮುಂದೆ ಪೂರ್ತಿ ಗಾಜಿರುವ ಕೇಸ್ ಕೊಟ್ಟರು. ಗೇಮ್ ಹಾಕಿದ ಹತ್ತೇ ನಿಮಿಷಕ್ಕೆ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ಓಡಿಸಿದ ಹಾಗೆ ಸದ್ದು. ಇದಕ್ಕಿಂತ ದುಬಾರಿಯ ಸೈಲೆಂಟ್ ಕೇಸ್ ಯಾವುದಿದೆ ತಿಳಿಸಿ.

ದುಬಾರಿಯದು ಬೇಡ. ಒಂದು ಸಲ ಹಣ ಹೋಗಿದೆ, ಅದೇ ಕಾರಣಕ್ಕೆ ಇನ್ನೊಂದು ಸಲ ಹೋಗುವುದು ಬೇಡ.

ಕೇಸ್ ಎಂದರೆ ತಗಡಿನ ಪೆಟ್ಟಿಗೆ. ಅದಕ್ಕೆ ತನ್ನದೇ ಸದ್ದಿಲ್ಲ, ಸದ್ದು ಫ್ಯಾನಿನದು. ಒಳಗೆ ಬಿಸಿ ಏರಿದಾಗ ಫ್ಯಾನ್ ಜೋರಾಗುತ್ತದೆ, ಹೊಸ ಗಾಳಿ ಬಾರದಿದ್ದಾಗ ಬಿಸಿ ಏರುತ್ತದೆ. ನಿಮ್ಮ ಕೇಸಿನ ಮುಂದೆ ಗಾಜು. ಗಾಳಿ ಬರಬೇಕಾದ್ದು ಆ ಗಾಜಿನ ಅಂಚಿನಲ್ಲಿ ಕಿರುಬೆರಳೂ ತೂರದ ಸಂದಿಯಿಂದ. ಗ್ರಾಫಿಕ್ಸ್ ಕಾರ್ಡ್ (ಗೇಮಿನ ಚಿತ್ರ ಮೂಡಿಸುವ ಭಾಗ) ತಾನು ಬಿಟ್ಟ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ, ಇನ್ನಷ್ಟು ಕಾಯುತ್ತದೆ, ಅದರ ಫ್ಯಾನ್ ಇನ್ನಷ್ಟು ಜೋರಾಗಿ ತಿರುಗುತ್ತದೆ. ಸ್ಪಂಜು ಕೀರಲು ಸದ್ದನ್ನು ಸ್ವಲ್ಪ ಹೀರಬಹುದು. ಫ್ಯಾನಿನ ಗುಂಯ್ ಎನ್ನುವ ದಪ್ಪ ಸದ್ದಿಗೆ ಕೆಲವೇ ಮಿಲಿಮೀಟರ್ ದಪ್ಪದ ಆ ಹಾಳೆ ಯಾವ ಲೆಕ್ಕಕ್ಕೂ ಇಲ್ಲ. ನಮ್ಮ ಎರಡು ಮಳೆಗಾಲ ಕಳೆದರೆ ಅದರ ಅಂಟು ಬಿಟ್ಟು ಹಾಳೆ ಜೋತುಬೀಳುವುದನ್ನೂ ನೋಡಿದ್ದೇನೆ.

ಲೆಕ್ಕ ಹಾಕಿ ನೋಡೋಣ. ಗೇಮ್ ಆಡುವಾಗ ನಿಮ್ಮ ಯಂತ್ರ 300 ವಾಟ್ ಬಿಸಿ ಬಿಡುತ್ತದೆ ಎಂದುಕೊಳ್ಳಿ. ಒಳಗಿನ ಗಾಳಿ ಕೋಣೆಯ ಗಾಳಿಗಿಂತ 10 ಡಿಗ್ರಿಗಿಂತ ಹೆಚ್ಚು ಕಾಯಬಾರದು ಎಂದಾದರೆ ಸಮುದ್ರಮಟ್ಟದ ಊರಲ್ಲಿ ಸೆಕೆಂಡಿಗೆ ಸುಮಾರು 25 ಲೀಟರ್ ಗಾಳಿ ಹರಿಯಬೇಕು. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಗಾಳಿ ಅಷ್ಟು ತೆಳು. ಇಲ್ಲಿ ಅದೇ ಕೆಲಸಕ್ಕೆ 29 ಲೀಟರ್ ಹತ್ತಿರ ಬೇಕು. 20 ಲೀಟರಿನ ನೀರಿನ ಕ್ಯಾನ್ ಇದೆಯಲ್ಲ, ಅಂಥ ಒಂದೂವರೆ ಕ್ಯಾನ್ ಗಾಳಿ ಪ್ರತಿ ಸೆಕೆಂಡೂ ಆ ಸಂದಿಯಿಂದ ಒಳಗೆ ಹೋಗಬೇಕು. ಹೋಗುತ್ತದೆಯೇ? ‘ನಮ್ಮೂರು ತಂಪು, ಇಲ್ಲಿ ಹೇಗಿದ್ದರೂ ನಡೆಯುತ್ತದೆ’ ಎನ್ನುವವರಿಗೂ ಇದೇ ಉತ್ತರ. ಕೋಣೆಯ ಗಾಳಿ ಎಷ್ಟೇ ತಂಪಾಗಿರಲಿ, ಒಳಗೆ ಹೋಗದಿದ್ದರೆ ಉಪಯೋಗವಿಲ್ಲ.

ಇನ್ನೊಂದು ಲೆಕ್ಕವನ್ನು ನೆನಪಿಡಿ. ಫ್ಯಾನಿನ ವೇಗವನ್ನು ಅರ್ಧಕ್ಕೆ ಇಳಿಸಿದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ಅಂಥದ್ದೇ ಎರಡನೇ ಫ್ಯಾನ್ ಸೇರಿಸಿದರೆ ಏರುವುದು 3 ಡೆಸಿಬೆಲ್ ಮಾತ್ರ. ಒಂದು ಫ್ಯಾನ್ ಅರಚುವ ಜಾಗದಲ್ಲಿ ಎರಡು ಫ್ಯಾನ್ ನಿಧಾನಕ್ಕೆ ತಿರುಗಿದರೆ ಹೆಚ್ಚುಕಡಿಮೆ ಅಷ್ಟೇ ಗಾಳಿ ಬರುತ್ತದೆ, ಪಕ್ಕದಲ್ಲಿ ಕೂತವರಿಗೆ ಸದ್ದು ಮಾತ್ರ ಬಹಳ ಕಡಿಮೆ ಕೇಳಿಸುತ್ತದೆ. ಹೀಗಾಗಿ ನಾನು 120 ಮಿಲಿಮೀಟರಿನ ಫ್ಯಾನಿಗಿಂತ 140 ಮಿಲಿಮೀಟರಿನದನ್ನು ಇಷ್ಟಪಡುತ್ತೇನೆ. ರೆಕ್ಕೆ ದೊಡ್ಡದಾದಷ್ಟೂ ಓಡುವ ಅವಸರ ಕಡಿಮೆ.

ಕಳೆದ ಜನವರಿಯಲ್ಲಿ ಸುಂಟಿಕೊಪ್ಪದ ಹತ್ತಿರದ ತೋಟದ ಮನೆಯಿಂದ ನಿಮ್ಮದರಂಥದ್ದೇ ಒಂದು ಕೇಸ್ ಬಂತು. ಮುಂದಿನ ಗಾಜಿನ ಚೌಕಟ್ಟನ್ನು ಎಳೆದೆ. ಅದರ ಹಿಂದಿನ ಜಾಲರಿ ಮೇಲೆ ಕಣದ ದೂಳು, ಒಣಚೆರಿಯ (ಒಣಗಿಸಿದ ಕಾಫಿ ಹಣ್ಣಿನ) ಹೊಟ್ಟು, ನಾಯಿಯ ಕೂದಲು, ಒಲೆಯ ಹೊಗೆಯ ಜಿಡ್ಡು ಎಲ್ಲ ಸೇರಿ ಕಂಬಳಿಯಂತೆ ಗಟ್ಟಿಯಾಗಿ ಕೂತಿತ್ತು. ಅಂಚು ಹಿಡಿದು ಎತ್ತಿದರೆ ಒಂದೇ ಹಾಳೆಯಾಗಿ ಬಂತು. ಕಿಟಕಿಗೆ ಹಿಡಿದು ನೋಡಿದೆ, ಒಂದು ಚುಕ್ಕೆ ಬೆಳಕೂ ದಾಟಲಿಲ್ಲ. ಆ ಮನೆಯವರು ಮೂರು ವರ್ಷ ಅದನ್ನು ತೊಳೆದಿರಲಿಲ್ಲ. ತಪ್ಪು ಅವರದಲ್ಲ. ಜಾಲರಿ ತೆಗೆಯಲು ಎಂಟು ಸ್ಕ್ರೂ ಬಿಚ್ಚಬೇಕಿತ್ತು. ಹಾಗಿದ್ದರೆ ಯಾರು ತೊಳೆಯುತ್ತಾರೆ? ಜಾಲರಿ ತೊಳೆದು, ಗಾಜಿಲ್ಲದೆ ಅದೇ ಗೇಮ್ ಓಡಿಸಿದೆ. 84 ಡಿಗ್ರಿಯಲ್ಲಿದ್ದ ಗ್ರಾಫಿಕ್ಸ್ ಕಾರ್ಡ್ 71ಕ್ಕೆ ಇಳಿಯಿತು. ಒಂದು ರೂಪಾಯಿಯ ಹೊಸ ಸಾಮಾನು ಹಾಕಿರಲಿಲ್ಲ.

ನೀವೂ ಇವತ್ತೇ ಇದನ್ನು ಮಾಡಿ. 20 ನಿಮಿಷ ಗೇಮ್ ಓಡಿಸಿ, ಗ್ರಾಫಿಕ್ಸ್ ಕಾರ್ಡಿನ ಬಿಸಿ ಮತ್ತು ಫ್ಯಾನಿನ ವೇಗ ಬರೆದುಕೊಳ್ಳಿ. ಮುಂದಿನ ಗಾಜು ತೆಗೆದು ಇನ್ನೊಂದು 20 ನಿಮಿಷ ಓಡಿಸಿ. 5 ಡಿಗ್ರಿಗಿಂತ ಹೆಚ್ಚು ಇಳಿದರೆ ತಪ್ಪು ಗಾಜಿನದು. ಆಗಲೂ ಕೂಡಲೇ ಹೊಸ ಕೇಸಿಗೆ ಓಡಬೇಡಿ. ಕಿಟಕಿಗೆ ಹೊಡೆಯುವ ನೈಲಾನ್ ಸೊಳ್ಳೆಪರದೆಯನ್ನು ಗಾಜಿನ ಜಾಗಕ್ಕೆ ಅಳತೆಯಾಗಿ ಕತ್ತರಿಸಿ ಆಯಸ್ಕಾಂತದ ಪಟ್ಟಿಯಿಂದ ಕೂರಿಸಿ. ನೋಡಲು ಚೆನ್ನಾಗಿರುವುದಿಲ್ಲ, ಆದರೆ ಗಾಳಿ ಬರುತ್ತದೆ, ಹಲ್ಲಿ ಬರುವುದಿಲ್ಲ. ಮುಂದಿನ ಕೊಯ್ಲಿನವರೆಗೆ ಅದರಲ್ಲೇ ನಡೆಸಬಹುದು.

ಹೊಸದನ್ನೇ ಕೊಳ್ಳುವುದಾದರೆ ಅಂಗಡಿಯಲ್ಲಿ ಖಾಲಿ ಕೇಸಿನ ಒಳಗೆ ಮೊಬೈಲ್ ಟಾರ್ಚ್ ಹಚ್ಚಿ ಮುಂದಿನಿಂದ ನೋಡಿ. ತೂತುಗಳಿಂದ ಬೆಳಕು ಎಷ್ಟು ದಾಟುತ್ತದೋ ಗಾಳಿಯೂ ಸುಮಾರಾಗಿ ಅಷ್ಟೇ ದಾಟುತ್ತದೆ, ಗಾಜು ದಾಟಿದ ಬೆಳಕು ಲೆಕ್ಕಕ್ಕಿಲ್ಲ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಅಂಗಡಿಯಲ್ಲಿ ಸಾಧ್ಯವಿಲ್ಲ, ಡಬ್ಬದ ಮೇಲೆ ಬರೆದ ಮಾತನ್ನು ನಂಬುವುದಕ್ಕಿಂತ ಸಾವಿರ ಪಾಲು ಮೇಲು. ಆಮೇಲೆ ಪಕ್ಕದ ತಗಡಿಗೆ ಬೆರಳಲ್ಲಿ ಬಡಿಯಿರಿ. ಎಣ್ಣೆ ಡಬ್ಬದಂತೆ ಟಣ್ ಎಂದರೆ ತಗಡು ತೆಳು, ಫ್ಯಾನಿನ ನಡುಕಕ್ಕೆ ಅದೂ ದನಿಗೂಡಿಸುತ್ತದೆ. ಅರ್ಧ ಮಿಲಿಮೀಟರಿನ ತಗಡನ್ನು ಬಿಟ್ಟುಬಿಡಿ, 0.7 ಅಥವಾ 0.8 ಇರಲಿ. ಮುಂದಿನದು, ತಳದ್ದು, ಎರಡೂ ಜಾಲರಿ ಸ್ಕ್ರೂ ಮುಟ್ಟದೆ ಕೈಯಲ್ಲೇ ಜಾರಿ ಬರಬೇಕು. ಕೊಡಗಿನವರಿಗೆ ಇದು ಕೇಸಿನ ಬಣ್ಣ, ಬೆಲೆ ಎಲ್ಲಕ್ಕಿಂತ ಮುಖ್ಯ. ಕಣದಲ್ಲಿ ಕಾಫಿ ಇರುವ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ ತೊಳೆಯಬೇಕು, ಪೂರ್ತಿ ಒಣಗಿಸಿ ಹಾಕಬೇಕು.

ಹೆಸರು ಹೇಳಿ ಎಂದು ಕೇಳುತ್ತೀರಿ, ಹೇಳುತ್ತೇನೆ. ಫ್ರ್ಯಾಕ್ಟಲ್ ನಾರ್ತ್, ಲಿಯಾನ್ ಲಿ ಲ್ಯಾನ್‌ಕೂಲ್ 216, ಕೋರ್ಸೇರ್ 4000ಡಿ ಏರ್‌ಫ್ಲೋ. ಮೂರೂ ಮುಂದಿನಿಂದ ಧಾರಾಳವಾಗಿ ಗಾಳಿ ಬಿಡುವಂಥವು. ಲ್ಯಾನ್‌ಕೂಲಿನ ಮುಂದೆ 160 ಮಿಲಿಮೀಟರಿನ ಎರಡು ಫ್ಯಾನ್ ಕೂರಿಸಿಯೇ ಕೊಡುತ್ತಾರೆ. ಕೋರ್ಸೇರ್ ಕೊಳ್ಳುವಾಗ ಹೆಸರಿನ ಕೊನೆಯ ಪದ ಬಿಡದೆ ಓದಿ. ಬರೀ 4000ಡಿ ಎಂಬುದಕ್ಕೆ ಮುಂದೆ ಗಟ್ಟಿ ಮುಚ್ಚಳ, ‘ಏರ್‌ಫ್ಲೋ’ ಎಂದಿರುವುದಕ್ಕೆ ತೂತಿನ ಮುಖ. ಒಂದು ಪದ ಗಮನಿಸದೆ ತಪ್ಪು ಕೇಸ್ ತರಿಸಿಕೊಂಡವರು ನನಗೆ ಗೊತ್ತು. ಇವು ಕೈಗೆ ಎಟುಕದಿದ್ದರೆ ಟಾರ್ಚ್ ಪರೀಕ್ಷೆಯಲ್ಲಿ ಗೆದ್ದ ಯಾವ ಅಗ್ಗದ ಕೇಸ್ ಆದರೂ ಸರಿ. ಅದರ ಬಣ್ಣದ ದೀಪದ ಫ್ಯಾನ್‌ಗಳನ್ನು ಕಿತ್ತು, ಆರ್ಕ್‌ಟಿಕ್ ಪಿ12 ಪಿಡಬ್ಲ್ಯೂಎಂನಂಥ ಸಾದಾ ನಾಲ್ಕು ಪಿನ್ನಿನ ಫ್ಯಾನ್ ಹಾಕಿ. ಮುಂದೆ ಎರಡು ಒಳಕ್ಕೆ, ಹಿಂದೆ ಒಂದು ಹೊರಕ್ಕೆ. ಅಷ್ಟು ಸಾಕು. ಒಳಕ್ಕೆ ಬರುವ ಗಾಳಿ ಹೊರಹೋಗುವುದಕ್ಕಿಂತ ತುಸು ಹೆಚ್ಚಿದ್ದರೆ ಜಾಲರಿಯಿಲ್ಲದ ಸಂದಿಗಳಿಂದ ದೂಳು ನುಸುಳುವುದು ಕಡಿಮೆ.

ಫ್ಯಾನ್‌ಗಳನ್ನು ಪವರ್ ಸಪ್ಲೈಗೆ ನೇರವಾಗಿ ಕೊಡಬೇಡಿ, ಮದರ್‌ಬೋರ್ಡಿಗೆ ಕೊಡಿ. ಬಯೋಸ್ (ಯಂತ್ರ ಹಚ್ಚಿದ ಕೂಡಲೇ ತೆರೆಯಬಹುದಾದ ಸೆಟ್ಟಿಂಗ್ ಪುಟ) ಒಳಗೆ ಹೋಗಿ 60 ಡಿಗ್ರಿವರೆಗೆ ಫ್ಯಾನಿನ ವೇಗ ನೂರಕ್ಕೆ 35ರಲ್ಲೇ ಇರಲಿ, 80ಕ್ಕೆ ಬರುವಾಗ 70 ಆಗಲಿ ಎಂದು ಗೆರೆ ಎಳೆಯಿರಿ. ವೇಗ ಬದಲಾಗುವ ಮೊದಲು ಕೆಲವು ಸೆಕೆಂಡ್ ಕಾಯುವ ಆಯ್ಕೆ ಇದ್ದರೆ ಅದನ್ನೂ ಹಾಕಿ. ಒಂದೇ ಸಮನೆ ಬರುವ ಸದ್ದಿಗೆ ಕಿವಿ ಒಗ್ಗಿಕೊಳ್ಳುತ್ತದೆ, ಏರುತ್ತ ಇಳಿಯುತ್ತ ಇರುವ ಸದ್ದಿಗೆ ಒಗ್ಗುವುದಿಲ್ಲ. ನಾನು ಜೋಡಿಸುವ ಯಾವ ಯಂತ್ರದಲ್ಲೂ ಕೇಸಿನ ಫ್ಯಾನ್ ನಿಮಿಷಕ್ಕೆ 1,000 ಸುತ್ತು ದಾಟಲು ಬಿಡುವುದಿಲ್ಲ. ಅದು ನನ್ನ ಹಠ. ಒಳಗೆ ಹಳೆಯ ಹಾರ್ಡ್ ಡಿಸ್ಕ್ ಇದ್ದರೆ ಅದನ್ನೂ ನೋಡಿ. ನಿಮಿಷಕ್ಕೆ 7,200 ಸುತ್ತು ಎಂದರೆ ಸೆಕೆಂಡಿಗೆ 120. ಆ ನಡುಕ ತಗಡಿಗೆ ಇಳಿದು, ತಗಡಿನಿಂದ ಮರದ ಮೇಜಿಗೆ ಇಳಿದು, ರಾತ್ರಿ ಇಡೀ ಕೋಣೆ ಗುಂಯ್‌ಗುಡುತ್ತದೆ. ರಬ್ಬರ್ ಬಿಲ್ಲೆ ಹಾಕಿ ಕೂರಿಸಿ, ಇಲ್ಲವೇ ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಗೆ ಬದಲಾಯಿಸಿ.

ಸ್ಪಂಜಿನ ಕೇಸ್ ಎಲ್ಲರಿಗೂ ಕೆಟ್ಟದ್ದೇ? ಅಲ್ಲ. ಗ್ರಾಫಿಕ್ಸ್ ಕಾರ್ಡ್ ಇಲ್ಲದೆ, ತೋಟದ ಲೆಕ್ಕ ಬರೆಯಲು, ಮೇಲ್ ನೋಡಲು ಇಟ್ಟ ಯಂತ್ರಕ್ಕೆ ಅದು ಸಾಕು. ನಿಮ್ಮ ಮಗನ ಯಂತ್ರಕ್ಕೆ ಮಾತ್ರ ಅಲ್ಲವೇ ಅಲ್ಲ.

ಪ್ರಶ್ನೆ (ಭಾಗಮಂಡಲದಿಂದ): ಮಳೆಗಾಲದಲ್ಲಿ ಗೋಡೆಯೇ ಬೆವರುತ್ತದೆ. ಶೀತ ಒಳಗೆ ಹೋಗದಂತೆ ಕೇಸಿನ ತೂತುಗಳಿಗೆಲ್ಲ ಟೇಪ್ ಹಚ್ಚಿ ಪ್ಲಾಸ್ಟಿಕ್ ಹೊದಿಸಿದ್ದೇನೆ. ಸಿಲಿಕಾ ಜೆಲ್ ಪೊಟ್ಟಣ ಎಷ್ಟು ಇಡಬೇಕು?

ಟೇಪನ್ನು ಈಗಲೇ ಕೀಳಿ. 20 ಡಿಗ್ರಿಯಲ್ಲಿ ನೂರಕ್ಕೆ 95 ತೇವಾಂಶ ಇರುವ ಗಾಳಿ ಒಳಗೆ ಹೋಗಿ 30 ಡಿಗ್ರಿಗೆ ಕಾಯಿತು ಎನ್ನಿ, ಅದರ ತೇವಾಂಶ ನೂರಕ್ಕೆ ಸುಮಾರು 52ಕ್ಕೆ ಇಳಿಯುತ್ತದೆ. ಓಡುತ್ತಿರುವ ಕಂಪ್ಯೂಟರಿನ ಒಳಭಾಗ ಕಕ್ಕಡದಲ್ಲಿ (ಜುಲೈ–ಆಗಸ್ಟಿನ ಜಡಿಮಳೆಯ ತಿಂಗಳು) ನಿಮ್ಮ ಮನೆಯಲ್ಲೇ ಒಣಗಿದ ಜಾಗಗಳಲ್ಲೊಂದು. ಅಪಾಯ ಇರುವುದು ವಾರಗಟ್ಟಲೆ ಆರಿಸಿ, ಪ್ಲಾಸ್ಟಿಕ್ ಹೊದಿಸಿ ಇಟ್ಟಾಗ. ಹೊದಿಕೆಯ ಒಳಗೆ ಸಿಕ್ಕಿದ ಶೀತ ಹೊರಗೆ ಹೋಗುವುದಿಲ್ಲ, ತಗಡಿಗೆ ತುಕ್ಕು, ಕನೆಕ್ಟರಿಗೆ ಹಸಿರು ಕಿಲುಬು. ದಿನಕ್ಕೆ ಒಂದು ತಾಸು ಯಂತ್ರ ಓಡಿಸಿ, ಗೋಡೆಯಿಂದ ಒಂದು ಗೇಣು ದೂರ ಇಡಿ, ನೆಲದ ಮೇಲೆ ಇಡಲೇಬೇಡಿ. ಸಿಲಿಕಾ ಜೆಲ್ ಮುಚ್ಚಿದ ಡಬ್ಬಕ್ಕೆ ಸರಿ, ಗಾಳಿಯಾಡುವ ಕೇಸಿನಲ್ಲಿ ಬೇಗನೆ ತೇವ ಕುಡಿದು ಸುಮ್ಮನಾಗುತ್ತದೆ. ಬಟ್ಟೆಯ ಬೀರುವಿಗೆ ಬೂಸ್ಟು ಹಿಡಿಯದಂತೆ ಬಲ್ಬ್ ಉರಿಸುತ್ತೇವಲ್ಲ, ಹಾಗೆ ಕೇಸಿನೊಳಗೆ ಬಲ್ಬ್ ಇಡಲು ಯಾರೋ ಹೇಳಿಕೊಟ್ಟಿದ್ದಾರಂತೆ. ಅವರ ಮಾತು ಕೇಳಿ ಮನೆಗೆ ಬೆಂಕಿ ಹಚ್ಚಿಕೊಳ್ಳಬೇಡಿ.

ಪ್ರಶ್ನೆ (ಕುಶಾಲನಗರದಿಂದ): ನಮ್ಮಲ್ಲಿ ಸೆಖೆ ಜಾಸ್ತಿ. ಪಕ್ಕದ ಮುಚ್ಚಳ ತೆಗೆದು ಟೇಬಲ್ ಫ್ಯಾನ್ ಇಡಬಹುದೇ?

ಬೇಡ. ದೂಳು, ಇರುವೆ, ಹಲ್ಲಿ ಮೂರಕ್ಕೂ ಬಾಗಿಲು ತೆರೆದಿಟ್ಟಂತೆ.

ಪ್ರಶ್ನೆ (ಗೋಣಿಕೊಪ್ಪಲಿನಿಂದ): ವಾಟರ್ ಕೂಲಿಂಗ್ ಹಾಕಿದರೆ ಸದ್ದು ಪೂರ್ತಿ ನಿಲ್ಲುತ್ತದೆಯೇ?

ಇಲ್ಲ. ಅದಕ್ಕೂ ಫ್ಯಾನ್ ಬೇಕು, ಮೇಲೆ ಪಂಪಿನ ಸದ್ದು ಬೇರೆ.

ಪ್ರಶ್ನೆ (ಸೋಮವಾರಪೇಟೆಯಿಂದ): ಜಿರಲೆ ಬಾರದಂತೆ ಕೇಸಿನೊಳಗೆ ನುಸಿಗುಳಿಗೆ ಹಾಕಿದರೆ ತೊಂದರೆಯೇ?

ತೊಂದರೆಯೇ. ಅದರ ಆವಿ ಬೆಚ್ಚಗಿನ ಪೆಟ್ಟಿಗೆಯಿಂದ ನೇರ ನಿಮ್ಮ ಮೂಗಿಗೆ ಬರುತ್ತದೆ, ಕೆಲವು ಪ್ಲಾಸ್ಟಿಕ್ ಅದಕ್ಕೆ ಮೆತ್ತಗಾಗುತ್ತವೆ. ಹಿಂಬದಿಯ ಖಾಲಿ ಸಂದಿಗಳಿಗೆ ತಗಡಿನ ಪಟ್ಟಿ ಹಾಕಿ ಮುಚ್ಚಿ, ಮೇಜಿನ ಮೇಲೆ ತಿಂಡಿ ತಿನ್ನುವುದನ್ನು ನಿಲ್ಲಿಸಿ.

ಪ್ರಶ್ನೆ (ಮಡಿಕೇರಿಯಿಂದ): ಫ್ಯಾನ್ ಕಿರುಗುಟ್ಟುತ್ತಿತ್ತು. ರಿಪೇರಿಯವರು ಎರಡು ತೊಟ್ಟು ಕೊಬ್ಬರಿ ಎಣ್ಣೆ ಬಿಟ್ಟರು, ಒಂದು ತಿಂಗಳು ಸರಿ ಇತ್ತು. ಈಗ ಬೆಳಿಗ್ಗೆ ಹೊತ್ತು ಫ್ಯಾನ್ ತಿರುಗುವುದೇ ಇಲ್ಲ, ಏಕೆ?

ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರಿನಲ್ಲಿ ನಿಮ್ಮ ಬಚ್ಚಲಿನ ಎಣ್ಣೆ ಶೀಸೆ ಬೆಳಿಗ್ಗೆ ಹೇಗಿರುತ್ತದೆ ನೋಡಿ, ಫ್ಯಾನಿನ ಬೇರಿಂಗಿನೊಳಗೂ ಈಗ ಅದೇ ಇದೆ. ಈ ವೈದ್ಯ ಮಾಡುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಕೆಲವು ನೂರು ರೂಪಾಯಿಯ ಫ್ಯಾನ್ ಉಳಿಸಲು ಹೋಗಿ ಸಾವಿರಾರು ರೂಪಾಯಿಯ ಪ್ರೊಸೆಸರನ್ನು ಸುಡುವ ಬಿಸಿಯಲ್ಲಿ ದುಡಿಸುತ್ತಾರೆ. ಕಿರುಗುಟ್ಟುವ ಫ್ಯಾನನ್ನು ಬದಲಾಯಿಸಬೇಕು, ಅಷ್ಟೇ. ಹೊಸದು ಬರುವವರೆಗೆ ಯಂತ್ರ ಹಚ್ಚಬೇಡಿ.

ಪ್ರಶ್ನೆ (ವಿರಾಜಪೇಟೆಯಿಂದ): ಒಳ್ಳೆಯ ಕೇಸಿಗೆ ಅರ್ತಿಂಗ್ ಸರಿಯಿದ್ದರೆ ಸಿಡಿಲಿನ ಭಯ ಇಲ್ಲ ಅಲ್ಲವೇ?

ಕೇಸಿಗೂ ಸಿಡಿಲಿಗೂ ಸಂಬಂಧ ಕಟ್ಟಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಮೋಡ ಕಟ್ಟಿದ ಕೂಡಲೇ ಪ್ಲಗ್ ಕೀಳಿ, ಇಂಟರ್ನೆಟ್ಟಿನ ಕೇಬಲನ್ನೂ ಕೀಳಿ. ಗುಡುಗು ತಲೆಯ ಮೇಲೆ ಬಂದಾಗ ಕೀಳಲು ಹೋಗಬೇಡಿ.